ಕೈ ಊರದವನು

ಮಂಗಳವಾರ ಮಧ್ಯಾಹ್ನ ಮೂರೂವರೆಗೆ, ಗಿರಣಿಯ ಗೇಟಿನೆದುರಿನ ಚೌಕದಲ್ಲಿ, ನಾಲ್ವರು ಪೊಲೀಸರು ಒಬ್ಬ ನೇಕಾರನನ್ನು ದೊಣ್ಣೆಗಳಿಂದ ಹೊಡೆದು ಕೊಂದರು. ಅವನಿಗೆ ನಲವತ್ತೇಳು ವರ್ಷ. ಕೆಲಸ ಮುಗಿಸಲು ಅವರಿಗೆ ಆರು ನಿಮಿಷ ಹಿಡಿಯಿತು.

ಗುರುವಾರ ಬೆಳಿಗ್ಗೆ ಅವನ ಹೆಂಡತಿ ಅವನ ಎಡಗಾಲಿಗೆ ಬೂಟು ತೊಡಿಸಲು ಹೆಣಗುತ್ತಿದ್ದಳು. ಹಿಮ್ಮಡಿ ಒಳಗಿಳಿಯುತ್ತಿರಲಿಲ್ಲ. ಪಾದ ಹೊರಗಡೆ ತಿರುಚಿಕೊಂಡು ಹಾಗೇ ನಿಂತುಬಿಟ್ಟಿತ್ತು. ಬೂಟಿನ ಹಿಂಬದಿಗೆ ಚಮಚದ ಹಿಡಿ ತೂರಿಸಿ ಮೈಭಾರವೆಲ್ಲ ಬಿಟ್ಟು ಒತ್ತಿದಳು. ಒಳಗೆಲ್ಲೋ ಮೂಳೆ ಕರಕ್ಕೆಂದಿತು.

"ಬಿಟ್ಬಿಡು ಅತ್ತಿಗೆ," ಎಂದಳು ನಾದಿನಿ, ಕಣ್ಣು ಮುಚ್ಚಿಕೊಂಡು. "ಬರಿಗಾಲಲ್ಲೇ ಕಳಿಸೋಣ."

"ಬರಿಗಾಲಲ್ಲಿ ಯಾವತ್ತಾದ್ರೂ ಚೌಕಕ್ಕೆ ಇಳಿದಿದ್ನಾ ನಿಮ್ಮಣ್ಣ? ಮದುವೆ ದಿನ ನನ್ನ ಮುಖ ನೋಡಿದ್ದಕ್ಕಿಂತ ಬೂಟು ನೋಡಿದ್ದೇ ಜಾಸ್ತಿ. ಬ್ಲೇಡು ತಾ."

ಬೂಟಿನ ಹಿಂಬದಿಯನ್ನು ಉದ್ದಕ್ಕೆ ಸೀಳಿ, ಕಾಲು ಒಳಗಿಟ್ಟು, ನೂಲಿನಿಂದ ಬಿಗಿದು ಕಟ್ಟಿದಳು. ಗಂಟು ನೇಕಾರರ ಗಂಟು. ಎಳೆದಷ್ಟೂ ಬಿಗಿಯುವುದು.

ಹೆಣ ಮಲಗಿದ್ದದ್ದು ಎರಡು ಮೇಜುಗಳ ಮೇಲೆ. ಒಂದು ಮನೆಯದು, ಇನ್ನೊಂದು ಪಕ್ಕದ ಮನೆಯದು. ಪಕ್ಕದವರ ಮೇಜು ಎರಡಂಗುಲ ಗಿಡ್ಡವಾದ್ದರಿಂದ ಕಾಲುಗಳಿಗೆ ಇಟ್ಟಿಗೆ ಕೊಟ್ಟಿದ್ದರು. ಗಿರಣಿಯ ಸಾಲುಮನೆಗಳಲ್ಲಿ ಎಲ್ಲವೂ ಒಂದೇ ಅಳತೆ: ಒಂದು ಕೋಣೆ, ಒಂದು ಒಲೆ, ಗಾಳಿಗಿಂತ ಹೊಗೆಯನ್ನೇ ಹೆಚ್ಚು ಒಳಗೆ ಬಿಡುವ ಒಂದು ಕಿಟಕಿ. ಬಾಗಿಲಲ್ಲಿ ಒಬ್ಬ ಎಳೇ ಪೊಲೀಸನನ್ನು ನಿಲ್ಲಿಸಿದ್ದರು. ಅತ್ತವರೆಷ್ಟು, ಅವರು ಏನಂದರು, ಎಲ್ಲ ಅವನು ಬರೆದುಕೊಳ್ಳಬೇಕು.

ಆದರೆ ಹೆಂಗಸರು ಬಾಯಿಬಿಟ್ಟು ಏನನ್ನೂ ಹೇಳುತ್ತಿರಲಿಲ್ಲ. ಮುನ್ನೂರು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಕಿವಿಯ ಹತ್ತಿರ ಕಿರುಚಿದರೂ ಕೇಳುವುದಿಲ್ಲ. ಅಲ್ಲಿ ಮಾತೆಂದರೆ ತುಟಿ, ಹುಬ್ಬು, ಬೆರಳು. ದನಿಯಿಲ್ಲದೆ ಅವರು ಜಗಳವಾಡಬಲ್ಲರು, ಮದುವೆ ಕುದುರಿಸಬಲ್ಲರು, ಮೇಸ್ತ್ರಿಯ ವಂಶವನ್ನೆಲ್ಲ ಜಾಲಾಡಬಲ್ಲರು.

ಇವನೂ ಆ ನಾಲ್ವರಲ್ಲಿ ಒಬ್ಬನಾ? ಎಂದು ನಾದಿನಿಯ ತುಟಿ ಕೇಳಿತು.

ಅಲ್ಲ. ಇವನು ಉಗುರು ಕಚ್ತಾನೆ, ನೋಡು. ಆ ನಾಲ್ವರ ಉಗುರು ಚೆನ್ನಾಗಿದ್ವು.

ಪೊಲೀಸ ತಲೆಯೆತ್ತಿ ನೋಡಿದ. ಎಂಟು ಹೆಂಗಸರು ಸುಮ್ಮನೆ ಕೂತಿದ್ದರು. ಅವನು ಪುಸ್ತಕದಲ್ಲಿ 'ಮೌನ' ಎಂದು ಬರೆದುಕೊಂಡ.

ಒಂಬತ್ತಕ್ಕೆ ಠಾಣೆಯ ಅಧಿಕಾರಿ ಬಂದ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಹೆಣದ ಕಡೆ ನೋಡದೆ, ಒಂದು ಹಾಳೆ ಚಾಚಿದ.

"ಹೆಣ ಬಿಟ್ಟುಕೊಟ್ಟಿದ್ದೇ ಇದರ ಮೇಲೆ. ಗೊತ್ತಲ್ಲ? ಸಹಿ ಆದ್ರೆ ಹನ್ನೊಂದಕ್ಕೆ ಮಣ್ಣು. ಆಗ್ಲಿಲ್ಲ ಅಂದ್ರೆ ಮತ್ತೆ ಶವಾಗಾರ. ಅಲ್ಲಿ ಐಸ್ ಇಲ್ಲ, ಹೇಳಿರ್ತೀನಿ. ಆಮೇಲೆ ಮನೆ ಗಿರಣಿಯದು. ಮಗ್ಗಾನೂ ಗಿರಣಿಯದು."

"ಓದ್ಲಾ?"

"ಓದೋಕೆ ಬರುತ್ತಾ ನಿಂಗೆ?"

ಬರುತ್ತಿತ್ತು. ಹದಿನೆಂಟರಲ್ಲಿ, ಕಾರ್ಮಿಕರ ಓದುಕೂಟದಲ್ಲಿ, ಹರಿದ ಪತ್ರಿಕೆಯ ತುಂಡುಗಳಿಂದ ಕಲಿತಿದ್ದಳು. ಅಕ್ಷರಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಸಾಗಿದಳು. 'ಮೃತನು ಸಾರ್ವಜನಿಕ ಸ್ಥಳದಲ್ಲಿ ತಲೆಯ ಮೇಲೆ ನಿಂತು ತಿರುಗುವ ಬೀದಿ ಕುಣಿತವನ್ನು ಪ್ರದರ್ಶಿಸುತ್ತಿದ್ದಾಗ ಆಯತಪ್ಪಿ ಬಿದ್ದು, ಕುತ್ತಿಗೆಗೆ ಪೆಟ್ಟಾಗಿ...'

ಬೆರಳು 'ತಲೆಯ ಮೇಲೆ' ಎಂಬಲ್ಲಿ ನಿಂತಿತು. ಮತ್ತೊಮ್ಮೆ ಓದಿದಳು.

"ಹನ್ನೊಂದರವರೆಗೂ ಟೈಮಿದೆ," ಎಂದು ಅಧಿಕಾರಿ ಹೊರಗೆ ಹೋಗಿ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡ.

*

ಅಲ್ಲಿನ ಕುಣಿತವನ್ನು ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ. ಕೆಲಸ ಹೇಳಿಕೊಟ್ಟಿದ್ದು.

ಗಿರಣಿಯಲ್ಲಿ ಎರಡು ಮಗ್ಗಗಳ ನಡುವೆ ಒಂದೂವರೆ ಅಡಿ ಜಾಗ. ಮೊಣಕೈ ಪಕ್ಕೆಗೆ ಅಂಟಿರಬೇಕು, ಬೆನ್ನು ನೆಟ್ಟಗಿರಬೇಕು, ಕಾಲು ಮಾತ್ರ ಎಡಕ್ಕೂ ಬಲಕ್ಕೂ ಜಾರುತ್ತಿರಬೇಕು. ಹತ್ತು ಗಂಟೆ ಹಾಗೆ ಜಾರಿದ ಕಾಲುಗಳು ಗೇಟು ದಾಟಿದ ಮೇಲೂ ನಿಲ್ಲುತ್ತಿರಲಿಲ್ಲ. ಯಾರೋ ಡಬ್ಬ ಬಡಿದರು, ಯಾರೋ ಚಪ್ಪಾಳೆ ತಟ್ಟಿದರು, ಅದೇ ಗಿರಣಿಯ ಕುಣಿತವಾಯಿತು. ಅದಕ್ಕೆ ಒಂದೇ ಕಟ್ಟಳೆ: ಕೈ ನೆಲಕ್ಕೆ ಹೋಗಕೂಡದು.

ಆ ಕಟ್ಟಳೆ ಎಲ್ಲಿಂದ ಬಂತೆಂದು ಅವಳು ಕಣ್ಣಾರೆ ನೋಡಿದ್ದಳು. ಅವಳು ಶೆಡ್ಡಿಗೆ ಸೇರಿದ ವರ್ಷ ಪಕ್ಕದ ಮಗ್ಗದ ಹುಡುಗಿ ಕೆಳಗೆ ಬಿದ್ದ ಬಾಚಣಿಗೆ ಎತ್ತಿಕೊಳ್ಳಲು ಬಗ್ಗಿದಳು. ಓಡುತ್ತಿದ್ದ ಚರ್ಮದ ಪಟ್ಟಿ ಅವಳ ಬೆರಳು ಹಿಡಿಯಿತು, ಮೊಣಕೈ ಹಿಡಿಯಿತು, ಭುಜ ಹಿಡಿಯಿತು. ಯಂತ್ರ ನಿಲ್ಲಿಸಬಹುದೇ ಎಂದು ಕೇಳಲು ಮೇಸ್ತ್ರಿ ಆಫೀಸಿಗೆ ಓಡಿದ. ಅವನು ಮೆಟ್ಟಿಲು ಹತ್ತುವಷ್ಟರಲ್ಲಿ ಮೂರನೇ ಸಾಲಿನ ನೇಕಾರನೊಬ್ಬ ಕಬ್ಬಿಣದ ಸರಳಿನಿಂದ ಪಟ್ಟಿಯನ್ನು ಕಿತ್ತೆಸೆದ. ಹುಡುಗಿ ಉಳಿದಳು, ತೋಳು ಉಳಿಯಲಿಲ್ಲ. ಮಗ್ಗದಲ್ಲಿದ್ದ ಬಟ್ಟೆಯಲ್ಲಿ ಮೂರು ಗಜ ಕೆಂಪಾಗಿತ್ತು. ಆ ಮೂರು ಗಜ ಕತ್ತರಿಸಿ ಬಿಸಾಡಿ ಉಳಿದದ್ದನ್ನು ಅಂಗಡಿಗೆ ಕಳಿಸಿದರು. ಅಪ್ಪಣೆಯಿಲ್ಲದೆ ಪಟ್ಟಿ ಕಿತ್ತವನನ್ನು ಒಂದು ತಿಂಗಳು ಗೇಟಿನ ಹೊರಗೆ ನಿಲ್ಲಿಸಿದರು.

ಆ ತಿಂಗಳು ಅವನಿಗೆ ಕುಣಿಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಅವಳಿಗೆ ಅವನನ್ನು ನೋಡುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಕಾಲು ಈ ಕಡೆಯಿಂದ ಆ ಕಡೆಗೆ ಅಷ್ಟು ವೇಗವಾಗಿ ಹೋಗುತ್ತಿತ್ತೆಂದು ಜನ ಅವನಿಗೆ, ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿ ಎಂದೇ ಹೆಸರಿಟ್ಟರು. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು.

ಬಂದರಿನ ಕುಣಿತ ಇದಕ್ಕೆ ಪೂರಾ ಉಲ್ಟಾ. ಹಡಗಿನ ಹಲಗೆಯ ಮೇಲೆ ಎಣ್ಣೆ, ನೀರು, ಮೀನಿನ ಲೋಳೆ. ಅಲ್ಲಿ ಬೀಳುವುದು ಖಂಡಿತ. ಮೂಟೆಯ ಅಡಿ ಸಿಗದಂತೆ ಬೀಳುವುದೇ ವಿದ್ಯೆ. ಬೆನ್ನ ಮೇಲೆ ಬಿದ್ದು, ಉರುಳಿ, ಕೈ ಊರಿ ಎದ್ದವನು ಬದುಕಿದ. ಉಳಿದವರು ಹಲಗೆಯ ಮೇಲೇ ಉಳಿದರು. ಹಾಗಾಗಿ ಬಂದರಿನವರು ನೆಲದ ಮೇಲೆ ಕುಣಿದರು: ಬೆನ್ನಲ್ಲಿ, ಭುಜದಲ್ಲಿ, ಕೊನೆಗೆ ತಲೆಯ ಮೇಲೆ. ಅವರಲ್ಲಿ ಎಲ್ಲರಿಗಿಂತ ಜೋರಾಗಿ ತಿರುಗುತ್ತಿದ್ದವನು ಬುಗುರಿ ಎಂಬ ಹಮಾಲಿ.

ಶನಿವಾರ ಮಧ್ಯಾಹ್ನ ಪಾಳಿ ಬಿಟ್ಟ ಮೇಲೆ ಎರಡು ಕಡೆಯವರೂ ಚೌಕದಲ್ಲಿ ಎದುರಾಗುತ್ತಿದ್ದರು.

"ಬಂದ್ರಪ್ಪಾ ನೆಲ ಒರೆಸೋರು!" ಎಂದು ಗಿರಣಿಯವರು.

"ನೋಡ್ರೋ ಗೋಡೆಗೆ ಹೊಡ್ದ ಮೊಳೆಗಳು! ಬಗ್ಗೋಕೆ ಬರಲ್ಲ ಪಾಪ!" ಎಂದು ಬಂದರಿನವರು.

ಕುಣಿತದಲ್ಲಿ ಶುರುವಾದದ್ದು ಎಷ್ಟೋ ಸಲ ಬಾಟಲಿಗಳ ಹೊಡೆದಾಟದಲ್ಲಿ ಮುಗಿಯುತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದಿನ ಒಂದು ಶನಿವಾರ ಬುಗುರಿ ಲಾಳಿಯ ಕತ್ತು ಹಿಡಿದು, ಬಗ್ಗಿಸಿ, ಅವನ ಬಲಗೈಯನ್ನು ಕಲ್ಲುಹಾಸಿನ ಕಡೆಗೆ ಒತ್ತಿದ್ದ. "ಒಂದು ಬೆರಳು ಇಡೋ. ಒಂದೇ ಬೆರಳು. ಬಿಟ್ಬಿಡ್ತೀನಿ." ಇನ್ನೂರು ಜನ ಉಸಿರು ಹಿಡಿದು ನೋಡಿದರು. ಲಾಳಿ ಬೆರಳು ಮಡಚಿ ಮುಷ್ಟಿ ಮಾಡಿದ. ಬುಗುರಿ ಕಿರುಬೆರಳನ್ನು ಬಿಡಿಸಿ ಹಿಂದಕ್ಕೆ ಮುರಿದ. ಮುರಿದ ಬೆರಳೂ ನೆಲ ಮುಟ್ಟಲಿಲ್ಲ. ಅದೇ ಕ್ಷಣ ಲಾಳಿಯ ಬೂಟು ಬುಗುರಿಯ ಎರಡು ಪಕ್ಕೆಲುಬು ಮುರಿಯಿತು. ಆಮೇಲೆ ಅವರಿಬ್ಬರು ಮಾತಾಡಿದ್ದಿಲ್ಲ.

*

ಹತ್ತು ಗಂಟೆಗೆ ಬೀದಿಯಲ್ಲಿ ಗದ್ದಲವೆದ್ದಿತು. ಬಂದರಿನಿಂದ ಆರು ಜನ ಬಂದಿದ್ದರು. ಮುಂದೆ ಬುಗುರಿ. ಅವನಿಗೀಗ ಐವತ್ತು, ನೆತ್ತಿಯ ಮೇಲೆ, ತಿರುಗಿ ತಿರುಗಿ ಕೂದಲು ಸವೆದು, ಒಂದು ಬಟ್ಟಲಿನಷ್ಟು ಬೋಳು.

ಗಿರಣಿಯ ಫಿಟ್ಟರ್ ಅಡ್ಡ ನಿಂತ. "ಸತ್ತಿದಾನಾ ಅಂತ ಖಾತ್ರಿ ಮಾಡ್ಕೊಳ್ಳೋಕೆ ಬಂದ್ಯಾ?"

"ದಾರಿ ಬಿಡು."

ಫಿಟ್ಟರ್ ಬಾಯಿಗೇ ಗುದ್ದಿದ. ಬುಗುರಿಯ ತುಟಿ ಒಡೆದು ಅಂಗಿಯ ಮೇಲೆ ರಕ್ತ ತೊಟ್ಟಿಕ್ಕಿತು. ಹಿಂದಿದ್ದ ಐವರು ಮುನ್ನುಗ್ಗಿದರು. ಬುಗುರಿ ಕೈಯೆತ್ತಿ ಅವರನ್ನು ತಡೆದ.

"ಇನ್ನೊಂದು ಹೊಡಿ, ಸಾಲ್ದೇ ಇದ್ರೆ. ಮುಗೀತಾ? ಈಗ ಬಿಡು."

ಕುರ್ಚಿಯಲ್ಲಿದ್ದ ಅಧಿಕಾರಿ ಖುಷಿಯಾಗಿ ನೋಡುತ್ತಿದ್ದ. ಇವರಿವರೇ ಹೊಡೆದಾಡಿಕೊಂಡರೆ ಅವನಿಗೆ ಅರ್ಧ ಕೆಲಸ ಕಡಿಮೆ.

ಬುಗುರಿ ಒಳಗೆ ಬಂದು ಮೇಜಿನ ಬಳಿ ನಿಂತ. ಸತ್ತವನ ಬಲಗೈಯ ಸೊಟ್ಟ ಕಿರುಬೆರಳನ್ನು ನೋಡಿದ. ಬಾಯಿಯ ರಕ್ತವನ್ನು ತೋಳಿನಿಂದ ಒರೆಸಿಕೊಂಡ.

"ಬೆರಳು ಸರಿಯಾಗಿ ಕೂಡ್ಲೇ ಇಲ್ವಾ?"

"ಇಲ್ಲ," ಎಂದಳು ಅವಳು. "ಚಳಿಗಾಲದಲ್ಲಿ ನೋಯ್ತಿತ್ತು. ನಿನ್ನ ಬಯ್ಕೊಂಡೇ ಮಗ್ಗ ಓಡಿಸ್ತಿದ್ದ."

"ನಂಗೂ ಪಕ್ಕೆ ನೋಯುತ್ತೆ. ನಾನೂ ಬಯ್ತಿದ್ದೆ." ಅವನು ಅವಳ ಕೈಲಿದ್ದ ಹಾಳೆಯ ಕಡೆ ನೋಡಿದ. "ಅದೇನೋ ಕಾಗದ ಅಂತೆ. ನಂಗೆ ಓದೋಕೆ ಬರಲ್ಲ."

ಅವಳು ಗಟ್ಟಿಯಾಗಿ ಓದಿದಳು. 'ತಲೆಯ ಮೇಲೆ ನಿಂತು ತಿರುಗುವ' ಎಂಬಲ್ಲಿಗೆ ಬಂದಾಗ ಬುಗುರಿ ನಕ್ಕ. ಸಣ್ಣ ನಗುವಲ್ಲ, ಒಡೆದ ತುಟಿಯಿಂದ ರಕ್ತ ಸಿಡಿಯುವಂತೆ, ಕೋಣೆ ಬೆಚ್ಚಿಬೀಳುವಂತೆ ನಕ್ಕ. ನಾದಿನಿ ಎದ್ದು ಅವನ ಕೆನ್ನೆಗೆ ಹೊಡೆದಳು. ಆದರೂ ಅವನಿಗೆ ನಗು ನಿಲ್ಲಿಸಲಾಗಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಲಾಳಿ? ತಲೆ ಮೇಲೆ? ಅಯ್ಯೋ ಮುಠ್ಠಾಳರಾ! ಈ ನನ್ಮಗ ಒಂದೇ ಒಂದು ಬೆರಳು ನೆಲಕ್ಕೆ ಇಡ್ಲಿ ಅಂತ ಜೀವನಪೂರ್ತಿ ಕಾದೆ ನಾನು! ತಲೆ ಇಟ್ನಂತೆ, ತಲೆ!"

ಕೂತಿದ್ದ ಮುದುಕನೊಬ್ಬ ಖಿಕ್ಕೆಂದ. ಆಮೇಲೆ ಫಿಟ್ಟರ್. ಆಮೇಲೆ ಎಲ್ಲರೂ. ಗಿರಣಿಯ ಸಾಲುಮನೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತಿದ್ದ ವಿಷಯ ಠಾಣೆಗೆ ಗೊತ್ತಿರಲಿಲ್ಲ. ಅವರ ಪಾಲಿಗೆ ಬೀದಿಯಲ್ಲಿ ಕುಣಿಯುವವರೆಲ್ಲ ಒಂದೇ; ಎಲ್ಲೋ ಬಂದರಿನವನೊಬ್ಬ ತಲೆಯ ಮೇಲೆ ತಿರುಗಿದ್ದನ್ನು ನೋಡಿ ಅದನ್ನೇ ಗಿರಣಿಯ ಹೆಣಕ್ಕೆ ಅಂಟಿಸಿದ್ದರು.

ಅಧಿಕಾರಿ ಬಾಗಿಲಿಗೆ ಬಂದಿದ್ದ. ನಗು ನಿಂತಿತು. ಅವನು ಯಾರ ಮೇಲೂ ಸಿಟ್ಟಾಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಹಾಳೆಯನ್ನು ಅವಳ ಕೈಯಿಂದ ಎಳೆದುಕೊಂಡು, ಸತ್ತವನ ಎದೆಯ ಮೇಲಿಟ್ಟು ಎರಡು ಪದ ಸೇರಿಸಿದ.

"'ಮೊದಲ ಬಾರಿಗೆ.' ಈಗ ಸರಿ ಹೋಯ್ತಾ? ಅಭ್ಯಾಸ ಇರ್ಲಿಲ್ಲ, ಬಿದ್ದ. ಇನ್ನೂ ಚೆನ್ನಾಗಾಯ್ತು." ಬುಗುರಿಯ ಕಡೆ ತಿರುಗಿದ. "ನೀನೇ ಅಲ್ವಾ ತಲೆ ಮೇಲೆ ತಿರುಗೋನು? ಸಾಕ್ಷಿ ಹಾಕು. ನಿನ್ನ ಹತ್ರಾನೇ ಕಲಿಯೋಕೆ ಬಂದಿದ್ದ ಅಂತ ಬರ್ಕೊತೀನಿ. ನಿಂಗೂ ಮರ್ಯಾದೆ."

ಬುಗುರಿ ಕೈಯನ್ನು ಬೆನ್ನ ಹಿಂದಕ್ಕೆ ಸರಿಸಿದ. ಅಧಿಕಾರಿ ಸಲೀಸಾಗಿ ಆ ಮಣಿಕಟ್ಟು ಹಿಡಿದು ತಿರುಚಿದ. ಬುಗುರಿಯ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಬಾಯಿ ಮಾತ್ರ ಬಿಡಲಿಲ್ಲ.

"ನೋಡಮ್ಮಾ," ಎಂದ ಅಧಿಕಾರಿ, ಮಣಿಕಟ್ಟು ಬಿಡದೆ, ಅವಳಿಗೆ. "ಮಂಗಳವಾರ ನೀನೂ ಚೌಕದಲ್ಲಿದ್ದೆ. ಹೇಳಿದ ಹಾಗೆ ಕೇಳಿದೆ. ಏನಾಯ್ತು ನಿಂಗೆ? ಏನೂ ಆಗ್ಲಿಲ್ಲ. ಹಾಗೇ ಇರು."

*

ಚೌಕಕ್ಕೆ ಬೇಲಿ ಹಾಕಲು ಗಿರಣಿಯ ಮಾಲೀಕರು ತೀರ್ಮಾನಿಸಿದ್ದರು. ಸೋಮವಾರ ಗೋಡೆಗೆ ನೋಟೀಸು ಅಂಟಿತು: ಇಲ್ಲಿ ಕುಣಿಯಬಾರದು. ಮಂಗಳವಾರ ಪಾಳಿ ಬಿಟ್ಟದ್ದೇ ಎಂಬತ್ತು ಜನ ಅಲ್ಲೇ ಕುಣಿದರು. ಅವಳೂ ಇದ್ದಳು.

ವ್ಯಾನುಗಳು ಬಂದವು. ಧ್ವನಿವರ್ಧಕ ಕೂಗಿತು: "ಎಲ್ಲರೂ ಕೂತ್ಕೊಳ್ಳಿ. ಕೈ ನೆಲದ ಮೇಲೆ. ಅಂಗೈ ಕಾಣೋ ಹಾಗೆ ಅಲ್ಲ, ಊರಿ!"

ಎಪ್ಪತ್ತೊಂಬತ್ತು ಜನ ಕೂತರು. ಅವಳು ಕೂತಳು. ಅವಳ ಬಲ ಅಂಗೈಯ ಅಡಿಯಲ್ಲಿ ಒಂದು ಚೂಪು ಕಲ್ಲಿತ್ತು. ಕೈ ಎತ್ತಿ ಅದನ್ನು ಸರಿಸಲು ಅವಳಿಗೆ ಧೈರ್ಯವಾಗಲಿಲ್ಲ.

ಅವನು ನಿಂತಿದ್ದ.

ಮೊದಲ ಏಟು ಮಂಡಿಯ ಹಿಂದೆ ಬಿತ್ತು. ಮಂಡಿ ಮಡಚಿತು, ಅವನು ಇನ್ನೊಂದು ಕಾಲಿಗೆ ಭಾರ ಜಾರಿಸಿ ನೇರವಾದ. ಎರಡನೆಯದು ಆ ಕಾಲಿಗೆ. ಅವನು ಮತ್ತೆ ಜಾರಿದ. ಎಡಕ್ಕೆ, ಬಲಕ್ಕೆ, ಮೊಣಕೈ ಪಕ್ಕೆಗೆ ಅಂಟಿಸಿಕೊಂಡು. ಹೊಡೆಯುವವರಿಗೆ ಅದು ಅಣಕದಂತೆ ಕಂಡಿತು. "ಕುಣೀತಿದಾನೆ ನೋಡೋ ಬೋಳಿಮಗ!" ಎಂದು ಒಬ್ಬ ಕಿರುಚಿದ. ಆಮೇಲೆ ನಾಲ್ವರೂ ಸೇರಿದರು. ಕಾಲು ಮುರಿದ ಸದ್ದು ಒಣ ಕಟ್ಟಿಗೆಯದಾಗಿತ್ತು.

ಕೂತಲ್ಲಿಂದಲೇ ಅವಳು ಅವನ ಮುಖವನ್ನೇ ನೋಡಿದಳು. ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಮಾತಾಡಿದ ಹಾಗೆ, ದನಿಯಿಲ್ಲದೆ, ತುಟಿಯಲ್ಲಿ ಕೂಗಿದಳು: ಕೂತ್ಕೋ. ಕೈ ಊರು. ನನ್ನಾಣೆ ಕೂತ್ಕೋ.

ಅವನು ನೋಡಿದ. ಓದಿಕೊಂಡ. ರಕ್ತ ತುಂಬಿದ ಬಾಯಿ ಉತ್ತರ ಕೊಟ್ಟಿತು: ಆಗ್ತಿಲ್ಲ ಕಣೇ.

ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬಾಗಲಾರೆ ಎಂದನೋ, ಬಾಗಲು ಹೋದರೂ ಮೈ ಕೇಳುತ್ತಿಲ್ಲ ಎಂದನೋ? ಮೂವತ್ತು ವರ್ಷ ನೆಲ ಕಾಣದ ಕೈಗೆ ದಾರಿ ಗೊತ್ತಿರಲಿಲ್ಲವೋ? ಎರಡು ದಿನದಿಂದ ಆ ಎರಡು ಶಬ್ದಗಳನ್ನು ಅವಳು ಬಾಯಲ್ಲಿಟ್ಟುಕೊಂಡು ಅಗಿಯುತ್ತಿದ್ದಳು. ಒಂದು ಸಲ ಅವನ ಮೇಲೆ ಹೆಮ್ಮೆ, ಮರುಗಳಿಗೆಯೇ ಅವನನ್ನು ಎಬ್ಬಿಸಿ ಕೆನ್ನೆಗೆ ಬಾರಿಸುವಷ್ಟು ಕೋಪ. ಒಂದು ಅಂಗೈ ಊರಿದ್ದರೆ ಬದುಕಿರುತ್ತಿದ್ದ. ಊರಿದ ಎಪ್ಪತ್ತೊಂಬತ್ತು ಜನ ಬದುಕಿದ್ದರು. ಆರು ನಿಮಿಷ ನೋಡುತ್ತ ಬದುಕಿದ್ದರು.

*

"ಅವನ ಕೈ ಬಿಡಿ," ಎಂದಳು.

"ಸಹಿ?"

"ಕೈ ಬಿಡಿ ಮೊದ್ಲು."

ಅಧಿಕಾರಿ ಬುಗುರಿಯ ಮಣಿಕಟ್ಟು ಬಿಟ್ಟ. ಅವಳು ಗಂಡನ ಎದೆಯ ಮೇಲಿನ ಹಾಳೆ ಎತ್ತಿ ಅಧಿಕಾರಿಯ ಕಂಕುಳಲ್ಲಿದ್ದ ಟೋಪಿಯೊಳಗೆ ಹಾಕಿದಳು.

"ಎತ್ತಿ," ಎಂದಳು ಜನರಿಗೆ.

"ಚೌಕ ದಾಟಲ್ಲ ನೀವು," ಎಂದ ಅವನು, ಈಗಲೂ ದನಿಯೇರಿಸದೆ. ಟೋಪಿಯಿಂದ ಹಾಳೆ ತೆಗೆದು ಮಡಚಿಕೊಂಡು ಹೊರನಡೆದ. ಸ್ಮಶಾನಕ್ಕೆ ಬೇರೆ ದಾರಿಯಿರಲಿಲ್ಲ.

ಹೆಣವನ್ನು ಮರದ ಪೆಟ್ಟಿಗೆಗೆ ಇಳಿಸಿದರು. ಅದನ್ನು ಎತ್ತುವಾಗಲೂ ಜಗಳವಾಯಿತು. ಗಿರಣಿಯವರು ಮುಂದೆ ನಾವು ಎಂದರು. "ಭಾರ ಹೊರೋದು ನಿಮ್ಗೇನು ಗೊತ್ತು? ನೂಲಿನುಂಡೆ ಬಿಟ್ಟು ಏನಾದ್ರೂ ಎತ್ತಿದೀರಾ?" ಎಂದ ಬುಗುರಿ, ತಿರುಚಿದ ಕೈಯನ್ನು ಎದೆಗೆ ಒತ್ತಿಕೊಂಡು ಮುಂದಿನ ತುದಿಗೆ ಭುಜ ಕೊಟ್ಟ. "ಹಿಂದೆ ನಿಂತ್ಕೋ ಫಿಟ್ಟರೇ. ನೀನು ಕುಳ್ಳ, ಮುಂದೆ ನಿಂತ್ರೆ ಅವನ ಕಾಲು ಇಳಿಜಾರಾಗುತ್ತೆ." ಫಿಟ್ಟರ್ ಗೊಣಗುತ್ತ ಭುಜದ ಮೇಲೆ ಎರಡು ಮಡಿಕೆ ಗೋಣಿಚೀಲ ಹಾಕಿಕೊಂಡು ಎತ್ತರ ಸರಿಮಾಡಿಕೊಂಡ.

ಬೀದಿಯುದ್ದಕ್ಕೂ ಬಾಗಿಲುಗಳು ತೆರೆದು ಜನ ಸೇರಿಕೊಂಡರು. ಚೌಕದ ಬಾಯಲ್ಲಿ ಮೂವತ್ತು ಪೊಲೀಸರು ಸಾಲಾಗಿ ನಿಂತಿದ್ದರು. ಅವರ ಹಿಂದೆ ವ್ಯಾನಿನ ಬಾಗಿಲು ತೆರೆದಿತ್ತು. ಕಲ್ಲುಹಾಸನ್ನು ತೊಳೆದಿದ್ದರು, ಸಂದುಗಳಲ್ಲಿ ಮಾತ್ರ ಕಪ್ಪಗೆ ಉಳಿದಿತ್ತು.

"ಪೆಟ್ಟಿಗೆ ಕೆಳಗಿಡಿ," ಎಂದ ಅಧಿಕಾರಿ. "ಉಳಿದೋರು ಕೂತ್ಕೊಳ್ಳಿ. ಹೆಂಗೆ ಕೂರ್ಬೇಕು ಅಂತ ನಿಮ್ಗೆ ಗೊತ್ತಿದೆ."

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿಯ ಮಂಡಿ ತಂತಾನೇ ಮಡಚತೊಡಗಿತು. ಪಕ್ಕದವಳು ಅವಳ ತೋಳು ಹಿಡಿದಳು. ಎಳೇ ಪೊಲೀಸ ಪುಸ್ತಕ ಜೇಬಿಗೆ ಹಾಕಿ ದೊಣ್ಣೆ ತೆಗೆದುಕೊಂಡ. ಅದನ್ನು ಹಿಡಿಯಲು ಅವನಿಗೆ ಎರಡೂ ಕೈ ಬೇಕಾದವು.

"ಅವರು ನಿನ್ನ ಮಾತು ಕೇಳ್ತಾರೆ," ಎಂದ ಅಧಿಕಾರಿ ಅವಳಿಗೆ. "ಇಳಿಸೋಕೆ ಹೇಳು. ಮೂರು ಎಣಿಸ್ತೀನಿ. ಆಮೇಲೆ ಏನಾಗುತ್ತೆ ಅನ್ನೋದು ನಿಂಗೆ ಗೊತ್ತು, ನಂಗಿಂತ ಚೆನ್ನಾಗಿ."

ಅವಳಿಗೆ ಗೊತ್ತಿತ್ತು. ಈ ಸಲ ದನಿಯೆತ್ತಿ, ಕೊನೆಯ ಸಾಲಿಗೂ ಕೇಳುವಂತೆ ಹೇಳಿದಳು:

"ಇಳಿಸಲ್ಲ."

"ಒಂದು," ಎಂದ ಅಧಿಕಾರಿ.

ಬುಗುರಿ ಕಾಲು ಅಗಲಿಸಿ ನಿಂತ.

"ಎರಡು."

ಹಮಾಲಿಗಳು ತಮ್ಮ ರೂಢಿಯಂತೆ, ಗಿರಣಿಯವರು ಅವರನ್ನು ನೋಡಿ, ಒಟ್ಟಿಗೆ ಒಮ್ಮೆ ಉಸಿರು ಬಿಟ್ಟು, ಪೆಟ್ಟಿಗೆಯನ್ನು ಬಲಭುಜದಿಂದ ಎಡಭುಜಕ್ಕೆ ಬದಲಾಯಿಸಿಕೊಂಡರು. ಕ್ರೇನು ತಡವಾದಾಗ ಹಡಗಿನ ಹತ್ತಿರ ಹಾಗೇ ಮಾಡುತ್ತಾರೆ.

"ಮೂರು."

ಯಾರೂ ಕದಲಲಿಲ್ಲ. ಅಧಿಕಾರಿ ಅವಳನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ, ಅದರ ಹಿಂದೆ ಬೀದಿಯ ಕೊನೆಯವರೆಗೆ ನಿಂತಿದ್ದ ತಲೆಗಳನ್ನು ನೋಡಿದ. ತುಟಿ ಒದ್ದೆ ಮಾಡಿಕೊಂಡ.

"ಒಂದು," ಎಂದ ಮತ್ತೆ.